ಆಳುಗಳ ಊಟ ಆದ ಮೇಲೆ

ನಮ್ಮ ಮನೆಯ ಕೆಳಗೆ ಅಂಗನವಾಡಿ ಬಂದಾಗ ಮೂಗು ಮುರಿದವಳು ನಾನೇ. ಮೂಡಲಪಾಳ್ಯದ ನಮ್ಮ ಬೀದಿಯಲ್ಲಿ ಎಲ್ಲರೂ ನೆಲಮಹಡಿಯನ್ನು ಮೆಡಿಕಲ್ ಸ್ಟೋರಿಗೋ ಬ್ಯೂಟಿ ಪಾರ್ಲರಿಗೋ ಕೊಟ್ಟಿದ್ದರೆ, ನಮ್ಮ ಯಜಮಾನರು ಹೋಗಿ ಹೋಗಿ ಸರ್ಕಾರದ ಮಕ್ಕಳ ಕೇಂದ್ರಕ್ಕೆ ಕೊಟ್ಟು ಬಂದರು. ಬೆಳಿಗ್ಗೆ ಶುರುವಾದ ಗಲಾಟೆ ಮಧ್ಯಾಹ್ನದ ಊಟದ ಹೊತ್ತಿಗೆ ಕಿವಿ ಗಡಚಿಕ್ಕುವಷ್ಟಾಗುತ್ತಿತ್ತು. ಅದರ ಜೊತೆಗೆ ಅವರ ಸಾಂಬಾರಿನ ಒಗ್ಗರಣೆ ಮೆಟ್ಟಿಲು ಹತ್ತಿಕೊಂಡು ನನ್ನ ಅಡುಗೆಮನೆಗೇ ಬರುತ್ತಿತ್ತು. ನಾನು ಕಿಟಕಿ ಮುಚ್ಚಿಕೊಂಡು ನನ್ನ ಸಾರು ಕುದಿಸುತ್ತಿದ್ದೆ.

ಆ ಕೋಣೆ ಇರುವ ಜಾಗದಲ್ಲಿ ಹಿಂದೆ ನಮ್ಮ ದನದ ಕೊಟ್ಟಿಗೆ ಇತ್ತು. ನಾನು ಮದುವೆಯಾಗಿ ಬಂದಾಗ ಈಗಿನ ಬೀದಿಯಾಚೆಗೆಲ್ಲ ರಾಗಿ ಹೊಲ. ಈಗ ಬಸ್ ತಿರುಗುವ ಕಡೆ ಆಗ ನಮ್ಮ ಕಣ. ಹೊಲ ಸೈಟುಗಳಾಗಿ, ಸೈಟುಗಳು ಮನೆಗಳಾಗಿ, ಕೊಟ್ಟಿಗೆ ಹೋಗಿ ಮೂರಂತಸ್ತು ಎದ್ದು ನಿಂತಿತು. ಇಷ್ಟೆಲ್ಲ ಆದದ್ದನ್ನು ಕಣ್ಣಾರೆ ಕಂಡ ನಮ್ಮತ್ತೆ, ಎಂಬತ್ತು ದಾಟಿದ ಮೇಲೆ ಅದನ್ನೆಲ್ಲ ಮರೆತುಬಿಟ್ಟರು. ಮೊದಲು ಮೊನ್ನೆಯದು ಮರೆತರು, ಆಮೇಲೆ ಮನೆ ಕಟ್ಟಿಸಿದ್ದು ಮರೆತರು, ಮಾವ ತೀರಿಕೊಂಡದ್ದು ಮರೆತರು, ಕಡೆಗೆ ನನ್ನನ್ನೂ ಮರೆತರು. ಮಗನನ್ನು ಮಾತ್ರ ಗುರುತು ಹಿಡಿಯುತ್ತಿದ್ದರು, ಅದೂ ಒಂದೊಂದು ದಿನ. ಹೊಲ, ಕಣ, ಸುಗ್ಗಿ ಇವು ಮಾತ್ರ ಅವರ ತಲೆಯಲ್ಲಿ ಇದ್ದ ಹಾಗೇ ಉಳಿದವು.

ಮರೆವಿಗೆ ನಾವು ಹೊಂದಿಕೊಂಡಿದ್ದೆವು. ಹೆದರಿಕೆ ಶುರುವಾದದ್ದು ಅವರು ಊಟ ಬಿಟ್ಟಾಗ. ತಟ್ಟೆ ಮುಂದಿಟ್ಟರೆ ಒಮ್ಮೆ ನೋಡಿ ಪಕ್ಕಕ್ಕೆ ಸರಿಸುತ್ತಿದ್ದರು. ಮುದ್ದೆ ಮೆತ್ತಗೆ ಮಾಡಿ ನೋಡಿದೆ, ಅನ್ನವನ್ನು ಮಿಕ್ಸಿಗೆ ಹಾಕಿ ನೋಡಿದೆ, ಸೊಪ್ಪಿನ ಸಾರು, ಅವರೆಕಾಳು, ಅಂಬಲಿ, ಪಾಯಸ, ಒಂದನ್ನೂ ಬಿಡಲಿಲ್ಲ. ಬೈದೆ. ಗೋಗರೆದೆ. ತುಟಿ ಬಿಗಿಹಿಡಿದು ಕೂತ ಮನುಷ್ಯರಿಗೆ ತಿನ್ನಿಸುವುದು ನಾಯಿಗೆ ಮಾತ್ರೆ ನುಂಗಿಸಿದಷ್ಟೇ ಕಷ್ಟ. ಸಂಜೆ ಅರ್ಧ ಲೋಟ ಹಾಲು ಹೇಗೋ ಇಳಿಯುತ್ತಿತ್ತು, ಅಷ್ಟೇ. ಚಂದ್ರಾ ಲೇಔಟಿನ ಡಾಕ್ಟರು ಅವರ ತೋಳಿನ ಚರ್ಮ ಎಳೆದು ನೋಡಿ, "ಹೀಗೇ ಆದ್ರೆ ಮೂಗಿಂದ ಪೈಪ್ ಹಾಕ್ಬೇಕಾಗುತ್ತಮ್ಮ. ಈ ವಯಸ್ಸಲ್ಲಿ ಅದು ಬೇಡ ಅನ್ಸುತ್ತೆ ನಂಗೆ. ಏನಾದ್ರೂ ಮಾಡಿ ಬಾಯಲ್ಲಿ ತಿನ್ಸಿ" ಎಂದರು. ಏನಾದರೂ ಮಾಡಿ ಎಂದು ಹೇಳುವುದು ಸುಲಭ.

ತಟ್ಟೆ ಸರಿಸುವಾಗ ಅತ್ತೆ ಒಂದು ಮಾತು ಕೇಳುತ್ತಿದ್ದರು. ಪ್ರತಿ ಸಲವೂ ಅದೇ.

"ಆಳ್ಗೊಳ್ದು ಹಿಟ್ಟಾಯ್ತಾ?"

ಯಾವ ಆಳು, ಎಲ್ಲಿಯ ಊಟ. "ಆಯ್ತು ಅತ್ತೆ, ನೀವು ತಿನ್ನಿ" ಎನ್ನುತ್ತಿದ್ದೆ. ಅವರು ನನ್ನ ಮುಖವನ್ನೇ ನೋಡಿ, ಇವಳು ಸುಳ್ಳುಬುರುಕಿ ಎಂದು ತೀರ್ಮಾನಿಸಿದವರಂತೆ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದರು.

ಯಾರೋ ಹೇಳಿದರೆಂದು ಯಜಮಾನರು ಅವರನ್ನು ಆರ್‌ಪಿಸಿ ಲೇಔಟಿನ ಕಡೆ ಇದ್ದ, ಸರ್ಕಾರದ ನೆರವಿನಲ್ಲಿ ನಡೆಯುವ ಹಿರಿಯರ ಹಗಲು ಆರೈಕೆ ಕೇಂದ್ರಕ್ಕೆ ಸೇರಿಸಿದರು. ಬೆಳಿಗ್ಗೆ ಬಿಟ್ಟರೆ ಸಂಜೆ ಕರೆದುಕೊಂಡು ಬರುವುದು. ಮಧ್ಯಾಹ್ನ ಬಿಸಿ ಊಟ, ಜೊತೆಗೆ ನಾಲ್ಕು ಜನ ಓರಗೆಯವರು. ಜೊತೆಗಿದ್ದವರು ತಿನ್ನುವುದನ್ನು ನೋಡಿಯಾದರೂ ತಿಂದಾರು ಎಂಬ ಆಸೆ ನಮ್ಮದು. ವಾರ ಕಳೆಯುವುದರೊಳಗೆ ಅಲ್ಲಿನ ಮೇಡಂ ನನ್ನನ್ನು ಕರೆದು, ನಗಲೋ ಬೇಡವೋ ಎಂಬ ಮುಖದಲ್ಲಿ ಹೇಳಿದರು.

"ನಿಮ್ಮತ್ತೆ ತುಂಬಾ ಒಳ್ಳೇವ್ರು. ಊಟದ ಟೈಮಲ್ಲಿ ಕೂರೋದೇ ಇಲ್ಲ. ಸೌಟು ಕಿತ್ಕೊಂಡು ಎಲ್ರಿಗೂ ಬಡಿಸ್ತಾರೆ. ಬೇಡ ಅಂದ್ರೂ ಬಿಡಲ್ಲ. ಅಲ್ಲಿ ಒಬ್ರು ತಾತಂಗೆ ಶುಗರು, ಅವ್ರಿಗೆ ಎರಡೆರಡು ಸಲ ಪಾಯ್ಸ ಹಾಕಿದಾರೆ. ಆ ತಾತ ನಿಧಾನ, ಊಟ ಮುಗಿಸೋಷ್ಟ್ರಲ್ಲಿ ಮನೆಗೆ ಹೋಗೋ ಟೈಮಾಗಿರುತ್ತೆ. ಅಲ್ಲೀತನಕ ಇವ್ರು ಕಾಯ್ತಾ ನಿಂತಿರ್ತಾರೆ."

ಮನೆಗೆ ಕರೆತರುವ ಆಟೋದಲ್ಲಿ ಅತ್ತೆಯ ಪಕ್ಕ ಕೂತಾಗ ನನಗೆ ಥಟ್ಟನೆ ಹೊಳೆಯಿತು. ಹೊಲ ಇದ್ದ ಕಾಲದಲ್ಲಿ ನಮ್ಮ ಮನೆಯಲ್ಲಿ ನಡೆಯುತ್ತಿದ್ದದ್ದೇ ಅದು. ನಾಟಿಗಾಗಲಿ ಕಟಾವಿಗಾಗಲಿ ಆಳು ಬಂದರೆ ಅವರ ಊಟ ಮೊದಲು. ಮನೆಯ ಯಜಮಾನಿ ಸೆರಗು ಸಿಕ್ಕಿಸಿ ಕೊಟ್ಟಿಗೆಯ ಜಗಲಿಯ ಮೇಲೆ ನಿಂತಿರಬೇಕು, ಕಡೆಯ ಆಳು ಕೈ ತೊಳೆಯುವವರೆಗೆ ಒಂದು ತುತ್ತು ಬಾಯಿಗಿಡುವಂತಿಲ್ಲ. ದುಡಿದವರ ಹೊಟ್ಟೆ ಹಸಿದಿರುವಾಗ ಉಂಡರೆ ಕಣಕ್ಕೆ ಕೇಡು ಎಂದು ಅತ್ತೆಯ ಅತ್ತೆ ಕಲಿಸಿದ್ದಂತೆ. ಅದೇ ಆಳುಗಳನ್ನು ಮನೆಯೊಳಗೆ ಕರೆಯುತ್ತಿರಲಿಲ್ಲ, ಕೊಟ್ಟಿಗೆಯಲ್ಲೇ ಕೂರಿಸುತ್ತಿದ್ದರು ಎಂಬುದೂ ನಿಜ. ಅದನ್ನು ನಾನು ಬಣ್ಣ ಹಚ್ಚಿ ಹೇಳಲಾರೆ. ಆದರೆ ಅವರಿಗಿಂತ ಮೊದಲು ಅತ್ತೆ ಉಂಡದ್ದನ್ನು ನಾನು ಯಾವತ್ತೂ ನೋಡಿಲ್ಲ.

ಕಾರಣ ಸಿಕ್ಕಿತು, ಸರಿ. ಈಗ ಆಳುಗಳನ್ನು ಎಲ್ಲಿಂದ ತರುವುದು?

ಕೇಂದ್ರಕ್ಕೆ ಕಳಿಸಿ ಫಲವಿಲ್ಲವೆಂದು ಮಾರನೆಯ ದಿನ ಅತ್ತೆಯನ್ನು ಮನೆಯಲ್ಲೇ ಉಳಿಸಿಕೊಂಡೆ. ಅವತ್ತೇ ಲಿಫ್ಟ್ ರಿಪೇರಿಯವನು ಬಂದಿದ್ದ. ನಾನು ಅವನ ಜೊತೆ ಜಗಳದಲ್ಲಿದ್ದಾಗ ಅತ್ತೆ ಬಾಗಿಲು ತೆರೆದಿರುವುದನ್ನು ನೋಡಿ ಮೆಟ್ಟಿಲಿಳಿದು ಹೋಗಿಬಿಟ್ಟರು. ನಾನು ಕೆಳಗೆ ಓಡಿದೆ. ಅವರು ರಸ್ತೆಗೆ ಹೋಗಿರಲಿಲ್ಲ. ಅಂಗನವಾಡಿಯ ಬಾಗಿಲಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದರು. ಒಳಗೆ ಮಕ್ಕಳು ಗೋಡೆಗುಂಟ ಸಾಲಾಗಿ ಚಕ್ಕಳಮಕ್ಕಳ ಹಾಕಿ ಕೂತು ಅನ್ನ ಸಾಂಬಾರು ಉಣ್ಣುತ್ತಿದ್ದವು. ನಮ್ಮ ಕೊಟ್ಟಿಗೆ ಇದ್ದ ಜಾಗ, ಸಾಲು ಕೂತ ಜನ, ಮುಂದೆ ತಟ್ಟೆ. ಅತ್ತೆಗೆ ಇನ್ನೇನು ಬೇಕು? ಮಕ್ಕಳು ಸ್ವಲ್ಪ ಕುಳ್ಳಗಿದ್ದಾರೆ ಎನ್ನುವುದು ಅವರಿಗೆ ಲೆಕ್ಕಕ್ಕೇ ಬರಲಿಲ್ಲ.

ಟೀಚರು ಗಾಬರಿಯಾಗಿ ಎದ್ದರು. ನಾನು ಕೈಸನ್ನೆಯಲ್ಲೇ ಸುಮ್ಮನಿರಿ ಎಂದೆ. ಅತ್ತೆ ಒಂದೊಂದು ತಟ್ಟೆಯನ್ನೂ ಬಗ್ಗಿ ನೋಡುತ್ತ, "ಸಾರು ಸಾಕಾ? ಇನ್ನೊಸಿ ಹಾಕುಸ್ಕೊ" ಎನ್ನುತ್ತ ಸಾಲಿನ ಕೊನೆಯವರೆಗೆ ಹೋದರು. ಟೀಚರನ್ನೂ ಸಹಾಯಕಿಯನ್ನೂ ನೋಡಿ, "ನೀವ್ಯಾಕೆ ನಿಂತಿದ್ದೀರಿ? ಗೇದೋರಲ್ವಾ? ಕುಂತ್ಕೊಳ್ಳಿ" ಎಂದು ಗದರಿದರು. ಅವರಿಬ್ಬರೂ ನಗುತ್ತ ತಮ್ಮ ಡಬ್ಬಿ ಬಿಚ್ಚಿಕೊಂಡು ಕೂತರು. ಎಲ್ಲರೂ ಕೈ ತೊಳೆದ ಮೇಲೆ ಅತ್ತೆ ಒಂದು ನಿಟ್ಟುಸಿರು ಬಿಟ್ಟು, ಖಾಲಿಯಾದ ಸಾಲಿನ ತುದಿಯಲ್ಲಿ ಗೋಡೆಗೊರಗಿ ಕೂತು ನನ್ನ ಕಡೆ ನೋಡಿದರು.

"ನಂಗೂ ಹಾಕು."

ಟೀಚರು ಪಿಸುಗುಟ್ಟಿದರು. "ಆಂಟಿ, ಇದು ಮಕ್ಕಳ ಹೆಸರಿಗೆ ಬರೋ ರೇಷನ್ನು, ಅಜ್ಜಿಗೆ ಕೊಡೋ ಹಾಗಿಲ್ಲ. ಮೇಲಿಂದ ತಂದ್ಬಿಡಿ, ಇಲ್ಲೇ ಕೂರ್ಸಿ ಪರ್ವಾಗಿಲ್ಲ." ನಾನು ಈ ವಯಸ್ಸಿನಲ್ಲಿ ಮೆಟ್ಟಿಲನ್ನು ಹೇಗೆ ಹಾರಿದೆನೋ ಗೊತ್ತಿಲ್ಲ. ಮುದ್ದೆ, ಸೊಪ್ಪಿನ ಸಾರು ತಂದು ಮುಂದಿಟ್ಟೆ. ಅತ್ತೆ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿದರು. ಇನ್ನೊಂದು ತುತ್ತು. ಮತ್ತೊಂದು. ತಟ್ಟೆ ಖಾಲಿಯಾಯಿತು. ದೇವಸ್ಥಾನದಲ್ಲಿ ಮಂಗಳಾರತಿ ನೋಡುವಾಗಲೂ ನಾನು ಹಾಗೆ ಕೈ ಕಟ್ಟಿಕೊಂಡು ನಿಂತವಳಲ್ಲ.

ಅವತ್ತಿನಿಂದ ನಮ್ಮ ಮಧ್ಯಾಹ್ನ ಅಂಗನವಾಡಿಯಲ್ಲಿ. ಅತ್ತೆಯ ನೆಪದಲ್ಲಿ ನಾನೂ ಅಲ್ಲಿ ಕೂತು ನೋಡತೊಡಗಿದೆ. ಮನೆಯ ಕೆಳಗೇ ದಿನಾ ಇಷ್ಟೊಂದು ನಡೆಯುತ್ತಿತ್ತಲ್ಲ ಎಂದು ಬೆರಗಾಯಿತು. ಗಾರೆ ಕೆಲಸದವರ ಮಕ್ಕಳು, ಗಾರ್ಮೆಂಟ್ಸಿಗೆ ಹೋಗುವವರ ಮಕ್ಕಳು, ಬೆಳಿಗ್ಗೆ ಬರೀ ಟೀ ಬನ್ನು ತಿಂದು ಬಂದವು. ಒಲೆಯ ಮೇಲೆ ಬೇಳೆ ಕುದಿಯುತ್ತಿದ್ದಂತೆ ಅವುಗಳ ಗಲಾಟೆ ತಾನಾಗಿ ತಗ್ಗುತ್ತಿತ್ತು. ಮೊಟ್ಟೆ ಕೊಡುವ ದಿನ ಸಿಪ್ಪೆ ಸುಲಿದ ಮೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ತಿನ್ನುವ ಮೊದಲು ಒಮ್ಮೆ ಪಕ್ಕದವರದನ್ನೂ ನೋಡಿ ಎಲ್ಲರಿಗೂ ಬಂತೆಂದು ಖಾತ್ರಿ ಮಾಡಿಕೊಳ್ಳುವುದು! ಎಲ್ಲೋ ಯಾವುದೋ ಗೋಡೌನಿನಿಂದ ಅಕ್ಕಿ ಬೇಳೆ ಹೊರಟು, ಯಾರ್ಯಾರದೋ ಕೈ ದಾಟಿ, ಬ್ಯಾಡರಹಳ್ಳಿಯಲ್ಲೂ ಕೆಂಗೇರಿಯಲ್ಲೂ ನಮ್ಮ ಕೊಟ್ಟಿಗೆಯಲ್ಲೂ ಒಂದೇ ಹೊತ್ತಿಗೆ ಮಕ್ಕಳ ತಟ್ಟೆಗೆ ಬೀಳುತ್ತದೆ. ನಾನು ನಾಲ್ಕು ಜನ ನೆಂಟರು ಬಂದರೆ ತಲೆ ಕೆಡಿಸಿಕೊಳ್ಳುವವಳು. ಇಷ್ಟು ದೊಡ್ಡ ಪಂಕ್ತಿಯನ್ನು ನೆನೆದು ನನಗೆ ನಿಜವಾಗಿಯೂ ಮೈ ಜುಮ್ಮೆನ್ನುತ್ತಿತ್ತು. ಯಜಮಾನರಿಗೆ ಹೇಳಿದರೆ, "ಈಗ ಗೊತ್ತಾಯ್ತಾ?" ಎಂದು ಬೀಗಿದರು. ಅದಕ್ಕೇ ಅವರಿಗೆ ಹೆಚ್ಚು ಹೇಳಲು ಹೋಗಲಿಲ್ಲ.

ಅತ್ತೆಯ ಕೆನ್ನೆ ಸ್ವಲ್ಪ ತುಂಬಿಕೊಂಡಿತು. ಅಷ್ಟರಲ್ಲಿ ಒಬ್ಬಳು ಹೊಸಬಳು ಬಂದಳು. ಮೂರು ವರ್ಷದವಳಿರಬೇಕು. ಅಪ್ಪ ಅಮ್ಮ ರಾಯಚೂರಿನ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಮನೆಯಲ್ಲಿ ರೊಟ್ಟಿ ತಿಂದು ಬೆಳೆದ ಮಗು, ಅನ್ನ ಕಂಡರೆ ಮುಖ ತಿರುಗಿಸಿ "ಒಲ್ಲೆ" ಎನ್ನುತ್ತಿತ್ತು. ಮೊಟ್ಟೆ ಕೊಟ್ಟರೂ ಒಲ್ಲೆ, ಹಾಲು ಕೊಟ್ಟರೂ ಒಲ್ಲೆ. ಅವಳು ಉಣ್ಣದಿದ್ದರೆ ಸಾಲು ಮುಗಿಯುವುದಿಲ್ಲ, ಸಾಲು ಮುಗಿಯದಿದ್ದರೆ ಅತ್ತೆ ಕೂರುವುದಿಲ್ಲ. ಒಂದು ಹಿಡಿಯಷ್ಟು ಇದ್ದ ಆ ಪುಟ್ಟಿಯ ಹಟದ ಮೇಲೆ ನಮ್ಮತ್ತೆಯ ಜೀವ ನಿಂತುಕೊಂಡಿತು.

ನಾನು ಅವಳ ಮುಂದೆ ಮಾಡದ ಕಸರತ್ತಿಲ್ಲ. ಚಂದಮಾಮ ತೋರಿಸೋಣವೆಂದರೆ ಮಟಮಟ ಮಧ್ಯಾಹ್ನ. "ಒಂದು ತುತ್ತು ತಿನ್ನೇ ತಾಯಿ, ನಿನ್ನ ಕಾಲಿಗೆ ಬೀಳ್ತೀನಿ" ಎಂದೆ. ಅವಳು ತನ್ನ ಕಾಲನ್ನು ಒಳಗೆ ಎಳೆದುಕೊಂಡಳು. ಮನೆಯಿಂದ ರೊಟ್ಟಿ ಕಟ್ಟಿ ಕಳಿಸಲು ಟೀಚರು ಅವಳ ತಾಯಿಗೆ ಹೇಳಿದರು. ರೊಟ್ಟಿ ಬಂತು, ಅದಕ್ಕೂ ಒಲ್ಲೆ. ಅವಳಿಗೆ ಬೇಡವಾಗಿದ್ದದ್ದು ಅನ್ನವಲ್ಲ, ನಾವು.

ಹೀಗೆ ಎರಡು ಮೂರು ದಿನ ಅತ್ತೆಯೂ ಉಪವಾಸ ಬಿದ್ದರು. ಅದರ ಮಾರನೆಯ ದಿನ ಅವರೇ ಕಷ್ಟಪಟ್ಟು ನೆಲಕ್ಕೆ ಕೈಯೂರಿ ಆ ಮಗುವಿನ ಎದುರು ಕೂತರು.

"ಯಾಕವ್ವ ಉಣ್ತಿಲ್ಲ? ಯಾರೇನಂದ್ರು? ಕೂಲಿ ಸಾಲ್ದಾ?"

ಮಗು ಕಣ್ಣು ಪಿಳಿಪಿಳಿ ಬಿಟ್ಟಿತು. ಅತ್ತೆ ಎರಡೂ ಕೈ ಜೋಡಿಸಿದರು.

"ನಮ್ಮಿಂದ ತಪ್ಪಾಗಿದ್ರೆ ಹೊಟ್ಟೆಗಾಕ್ಕೊ ತಾಯಿ. ಉಣ್ದೆ ಮಾತ್ರ ಹೋಗ್ಬ್ಯಾಡ."

ಸಹಾಯಕಿ ಸೌಟು ಹಿಡಿದು ಹಾಗೇ ನಿಂತಳು. ಆಳು ಉಣ್ಣದೆ ಎದ್ದರೆ ಯಜಮಾನಿ ಕೈಮುಗಿದು ಕೇಳಬೇಕಾದ ಮಾತು ಅದು. ನಾನು ಅದನ್ನು ಕೇಳಿದ್ದು ಎಷ್ಟೋ ವರ್ಷಗಳ ಹಿಂದೆ, ಕೂಲಿಯ ವಿಷಯಕ್ಕೆ ಮಾವನ ಜೊತೆ ಮುನಿಸಿಕೊಂಡು ಒಬ್ಬ ಮುದುಕ ತಟ್ಟೆ ಬಿಟ್ಟು ಎದ್ದಾಗ. ಈಗ ಅತ್ತೆ ಅದನ್ನು ಅಂಗೈಯಗಲದ ಮುಖದ ಮಗುವಿಗೆ ಅಷ್ಟೇ ಭಯಭಕ್ತಿಯಿಂದ ಹೇಳುತ್ತಿದ್ದರು. ಮಗು ಅತ್ತೆಯ ಕೈಗಳನ್ನು ನೋಡಿತು. ಬೆಳಗಿನ ಪ್ರಾರ್ಥನೆಯ ಆಟ ಎಂದುಕೊಂಡಿತೋ ಏನೋ, ತಾನೂ ಕೈ ಜೋಡಿಸಿತು. ಆಮೇಲೆ ಕೈ ಬಿಡಿಸಿ ಮೊಟ್ಟೆ ಎತ್ತಿಕೊಂಡಿತು.

ಅಂತೂ ಊಟ ಮತ್ತೆ ಹಳಿಗೆ ಬಂತು. ಆದರೆ ಭಾನುವಾರ ಬಂದರೆ ನನಗೆ ಕೈಕಾಲು ಆಡುತ್ತಿರಲಿಲ್ಲ. ಅಂಗನವಾಡಿ ಇಲ್ಲ, ಮಕ್ಕಳಿಲ್ಲ, ಅತ್ತೆಯ ಹೊಟ್ಟೆಗೆ ಹಾಲು ಬಿಟ್ಟು ಏನೂ ಇಲ್ಲ. ಒಂದು ದಿನವಾದರೆ ಹೇಗೋ ತಳ್ಳಬಹುದು. ಬೇಸಿಗೆ ರಜೆ ಹತ್ತಿರ ಬರುತ್ತಿತ್ತು. "ರಜೆಯಲ್ಲಿ ಏನು ಮಾಡ್ತೀರಿ ಆಂಟಿ?" ಎಂದು ಟೀಚರೇ ಕೇಳಿದರು. ಡಾಕ್ಟರು ಪೈಪಿನ ಮಾತು ಮತ್ತೆ ಎತ್ತಿದರು. ಯಜಮಾನರಿಗೂ ರಾತ್ರಿ ಊಟ ಸೇರುತ್ತಿರಲಿಲ್ಲ.

ರಜೆಗೆ ಮುಂಚಿನ ವಾರ ಸಹಾಯಕಿಗೆ ಜ್ವರ ಬಂತು. ಟೀಚರು ಒಬ್ಬರೇ ಒದ್ದಾಡುವುದನ್ನು ನೋಡಲಾರದೆ ನಾನು ಬೆಳಿಗ್ಗೆಯೇ ಕೆಳಗಿಳಿದೆ. ಬೇಳೆ ತೊಳೆದೆ, ತರಕಾರಿ ಹೆಚ್ಚಿದೆ, ನೆಲ ಗುಡಿಸಿದೆ, ಮಕ್ಕಳಿಗೆಲ್ಲ ಬಡಿಸಿದೆ. ಏಪ್ರಿಲ್ ಬಿಸಿಲು, ಒಲೆಯ ಝಳ, ಸೀರೆಯೆಲ್ಲ ಬೆವರಿಗೆ ಅಂಟಿಕೊಂಡಿತ್ತು. ಮಕ್ಕಳು ಕೈ ತೊಳೆದವು, ರಾಯಚೂರಿನ ಪುಟ್ಟಿಯೂ ತೊಳೆದಳು, ಟೀಚರು ಡಬ್ಬಿ ಮುಚ್ಚಿದರು. ನಾನು ಅತ್ತೆಯ ತಟ್ಟೆ ತಂದು ಮುಂದಿಟ್ಟು, ನೆಲ ಗುಡಿಸಲು ಪೊರಕೆ ಎತ್ತಿಕೊಂಡೆ.

ಅವರು ತಟ್ಟೆ ಪಕ್ಕಕ್ಕೆ ಸರಿಸಿದರು.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಇನ್ಯಾರು ಬಾಕಿ ಅತ್ತೆ? ಎಲ್ರದೂ ಆಯ್ತಲ್ಲ! ಇನ್ಯಾರನ್ನ ಕರ್ಕೊಂಡ್ಬರ್ಲಿ?" ಎಂದು ಕಿರುಚಿದೆ.

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೆವರು, ಸಿಕ್ಕಿಸಿದ ಸೆರಗು, ಕೈಯಲ್ಲಿದ್ದ ಪೊರಕೆ.

"ನಿಂದು ಆಗಿಲ್ವಲ್ಲವ್ವ" ಎಂದರು.

ಕ್ಷಣ ಹೊತ್ತು ಉರಿದುಹೋಯಿತು ನನಗೆ. ಈ ಮನೆಗೆ ಸೊಸೆಯಾಗಿ ಬಂದು ತಲೆ ಬೆಳ್ಳಗಾದ ಮೇಲೆ ನಾನು ಆಳು! ಬಾಯಿಗೆ ಬಂದದ್ದು ಅಭ್ಯಾಸದ ಮಾತು. "ನೀವು ಮಾಡಿ ಅತ್ತೆ, ನಂದು ಆಮೇಲೆ."

"ಅದೆಂಗಾಯ್ತದೆ? ಬೆಳಗ್ಲಿಂದ ಗೇದೋಳು ನೀನು. ಕುಂತ್ಕೊ. ಉಣ್ಣು ಮದ್ಲು."

ಪೊರಕೆ ನನ್ನ ಕೈಯಲ್ಲೇ ಉಳಿಯಿತು. ನಂದು ಆಮೇಲೆ ಎನ್ನುವ ಮಾತನ್ನು ನಾನು ಈ ಮನೆಯಲ್ಲಿ ದಿನಕ್ಕೆ ಎರಡು ಹೊತ್ತು ಹೇಳುತ್ತ ಬಂದವಳು. ಆಳುಗಳ ಊಟ, ಆಮೇಲೆ ಗಂಡಸರದು, ಆಮೇಲೆ ಅತ್ತೆಯದು, ಎಲ್ಲರದೂ ಆದ ಮೇಲೆ ಸೊಸೆಯದು. ತಳ ಹತ್ತಿದ ಅನ್ನ, ಆರಿದ ಸಾರು, ಅಡುಗೆಮನೆಯ ಮೂಲೆಯಲ್ಲಿ ಒಬ್ಬಳೇ. ಬಸುರಿಯಾಗಿದ್ದಾಗಲೂ ಹಾಗೇ. ನಾನು ಯಾರೆಂದು ಅತ್ತೆಗೆ ಗೊತ್ತಿದ್ದಷ್ಟು ವರ್ಷ ಒಂದು ದಿನವೂ ಅವರು ನನ್ನ ಊಟಕ್ಕೆ ಕಾದವರಲ್ಲ. ಕೆಟ್ಟವರೆಂದಲ್ಲ, ಸೊಸೆಗೆ ಕಾಯುವ ಪದ್ಧತಿ ಇರಲಿಲ್ಲ. ಈಗ ನಾನು ಯಾರೆಂಬುದೇ ಅವರಿಗೆ ಗೊತ್ತಿಲ್ಲ. ಎದುರಿಗೆ ಕಾಣುತ್ತಿರುವುದು ದುಡಿದು ದಣಿದ ಒಬ್ಬ ಹೆಂಗಸು. ಅವಳು ಉಣ್ಣದೆ ತಾನು ಉಣ್ಣುವುದಿಲ್ಲ ಎಂದು ಜೀವ ಪಣಕ್ಕಿಟ್ಟು ಕೂತಿದ್ದಾರೆ.

ನಾನು ಕೂತೆ. ಅವರ ತಟ್ಟೆಯನ್ನೇ ಅವರು ನನ್ನ ಮುಂದೆ ತಳ್ಳಿದರು. ಮಕ್ಕಳ ಸಾಲಿನಲ್ಲಿ ಬಗ್ಗಿ ನೋಡುತ್ತಿದ್ದ ಹಾಗೇ ನನ್ನ ಒಂದೊಂದು ತುತ್ತನ್ನೂ ನೋಡಿದರು. "ನಿಧಾನಕ್ಕುಣ್ಣು, ಯಾರೂ ಓಡುಸ್ತಿಲ್ಲ" ಎಂದರು. ನಾನು ಮುದ್ದೆ ಮುರಿದೆ. ಅವರು ತಮ್ಮ ಕೈಯಾರೆ ಸಾರು ಬಡಿಸಿದರು. ಟೀಚರು ಮಕ್ಕಳನ್ನು ಮಲಗಿಸುವ ನೆಪದಲ್ಲಿ ಆ ಕಡೆ ತಿರುಗಿಕೊಂಡರು. ನಾನು ಕೈ ತೊಳೆದು, ಮೇಲೆ ಹೋಗಿ ಇನ್ನೊಂದು ತಟ್ಟೆ ತಂದೆ. ಅತ್ತೆ ಪೂರ್ತಿ ಉಂಡರು.

ರಜೆ ಬಂತು. ಕೆಳಗಿನ ಬಾಗಿಲಿಗೆ ಬೀಗ ಬಿತ್ತು. ಮೊದಲ ದಿನ ನಾನು ಬೆಳಗಿನಿಂದ ಅತ್ತೆಯ ಕಣ್ಣೆದುರೇ ಮನೆಯೆಲ್ಲ ಗುಡಿಸಿ ಒರೆಸಿದೆ. ಮಧ್ಯಾಹ್ನ ನಡುಮನೆಯಲ್ಲಿ ನೆಲದ ಮೇಲೆ ಕೂತು ನನಗೆ ನಾನೇ ಬಡಿಸಿಕೊಂಡೆ. ಅತ್ತೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ನನ್ನ ತಟ್ಟೆಯ ಕಡೆ ನೋಡುತ್ತ ಕೂತರು.

ಯಜಮಾನರು ಒಳಗೆ ಬಂದವರು ಗಕ್ಕನೆ ನಿಂತರು. ಅವರ ತಾಯಿ ಕಾಯುತ್ತಿದ್ದಾರೆ, ಹೆಂಡತಿ ಉಣ್ಣುತ್ತಿದ್ದಾಳೆ. ಆ ಮನೆಯಲ್ಲಿ ಹುಟ್ಟಿ ಬೆಳೆದವರು ಅಂಥದ್ದನ್ನು ಕಂಡವರಲ್ಲ. ತಾಯಿಗೆ ಅವಮಾನವಾಯಿತು ಅನ್ನಿಸಿತೋ ಏನೋ, ಬಗ್ಗಿ ಅವರ ಕಿವಿಯ ಹತ್ತಿರ ಜೋರಾಗಿ ಶುರು ಮಾಡಿದರು.

"ಅಮ್ಮಾ, ಇವ್ಳು ಯಾರು ಅಂತ ಗೊತ್ತಾಯ್ತಾ? ಇವ್ಳು ನಿನ್ನ..."

"ರೀ, ಸುಮ್ನಿರಿ" ಎಂದೆ. ಬಾಯಲ್ಲಿ ತುತ್ತಿತ್ತು. "ಅವ್ರಿಗೆ ನಾನು ಆಳು. ಸೊಸೆ ಅಂತ ಮಾತ್ರ ಹೇಳ್ಬೇಡಿ. ಅವ್ರ ಊಟ ನಿಂತೋಗುತ್ತೆ."